ಆಲ್ಬಿನ್ ವೇಗಾ 27: ಐವತ್ತು ವರ್ಷದ ಹಾಯಿದೋಣಿಯನ್ನು ದೂರಸಮುದ್ರಕ್ಕೆ ಅಣಿಗೊಳಿಸಿದ ಮೇಲಿನ ವಿಮರ್ಶೆ

1974ರಲ್ಲಿ ತಯಾರಾದ ಒಂದು ಆಲ್ಬಿನ್ ವೇಗಾ ಹಾಯಿದೋಣಿಯನ್ನು ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 28,000 ಸ್ವೀಡಿಶ್ ಕ್ರೋನಾ ಕೊಟ್ಟು ಕೊಂಡೆ. ಮೂರು ಚಳಿಗಾಲ ಅದರ ದುರಸ್ತಿ ಮಾಡಿ, ಕಳೆದ ಜೂನ್ ತಿಂಗಳಲ್ಲಿ ನಾರ್ವೆಯ ಬರ್ಗೆನ್‌ನಿಂದ ಉತ್ತರ ಸಮುದ್ರವನ್ನು ದಾಟಿ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಲರ್ವಿಕ್ ಬಂದರಿಗೆ ಹೋಗಿ, ಅದೇ ದೋಣಿಯಲ್ಲಿ ಹಿಂತಿರುಗಿ ಬಂದೆ. ಕೊಂಡ ಬೆಲೆಯ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಹಣವನ್ನು ಅದಕ್ಕೆ ಹಾಕಿದ್ದೇನೆ. ಇಷ್ಟೆಲ್ಲ ಆದ ಮೇಲೆ, ಕಡಿಮೆ ಹಣದಲ್ಲಿ ದೂರಸಮುದ್ರಕ್ಕೆ ಹೋಗಬೇಕೆನ್ನುವ ಒಬ್ಬರಿಗೆ ಅಥವಾ ಇಬ್ಬರಿಗೆ ಈ ದೋಣಿ ತಕ್ಕದ್ದೇ ಎಂದು ಯಾರಾದರೂ ಕೇಳಿದರೆ ತಕ್ಕದ್ದು ಎಂದೇ ಹೇಳುತ್ತೇನೆ. ಅದಕ್ಕೆ ಮುಖ್ಯ ಕಾರಣ ದೋಣಿಯ ಗಟ್ಟಿತನಕ್ಕಿಂತಲೂ ಇನ್ನೊಂದು ಗುಣ: ಈ ದೋಣಿಗೆ ಬರುವ ಕಾಯಿಲೆಗಳೆಲ್ಲವೂ ಆಗಲೇ ಗೊತ್ತಾಗಿರುವ ಕಾಯಿಲೆಗಳು.

ಈ ಮಾತನ್ನು ಬಿಡಿಸಿ ಹೇಳಬೇಕು. ವೇಗಾವನ್ನು ವಿನ್ಯಾಸಗೊಳಿಸಿದವರು ಸ್ವೀಡನ್ನಿನ ಪೆರ್ ಬ್ರೋಹೆಲ್. 1960ರ ದಶಕದ ಮಧ್ಯದಿಂದ 1979ರವರೆಗೆ ಸುಮಾರು 3,450 ದೋಣಿಗಳು ಒಂದೇ ವಿನ್ಯಾಸದಲ್ಲಿ ಬಂದವು. ಉದ್ದ 8.25 ಮೀಟರ್, ಅಗಲ 2.46 ಮೀಟರ್, ನೀರಿನೊಳಗೆ ಇಳಿಯುವ ಆಳ 1.17 ಮೀಟರ್, ತೂಕ 2.3 ಟನ್, ಆ ತೂಕದಲ್ಲಿ 915 ಕಿಲೋ, ದೋಣಿ ಮಗುಚದಂತೆ ತಳದಿಂದ ಕೆಳಕ್ಕೆ ಇಳಿದಿರುವ ಕೀಲ್‌ನೊಳಗಿನ ಕಬ್ಬಿಣ. ಒಂದೇ ತರಹದ ದೋಣಿಗಳು ಇಷ್ಟೊಂದು ಇದ್ದಾಗ, ಒಂದರಲ್ಲಿ ಬಿರುಕು ಬಿಟ್ಟ ಜಾಗವೇ ಇನ್ನೊಂದರಲ್ಲೂ ಬಿರುಕು ಬಿಡುತ್ತದೆ. ನನ್ನ ದೋಣಿಯಲ್ಲಿ ನಾನು ಕಂಡ ಯಾವ ದೋಷವನ್ನೂ ಮೊದಲು ಕಂಡವನು ನಾನಲ್ಲ. ನಮ್ಮ ದೋಣಿ ಸಂಘದ ಅಂಗಳದಲ್ಲೇ ಇನ್ನೂ ನಾಲ್ಕು ವೇಗಾಗಳಿವೆ; ಅವುಗಳ ಒಡೆಯರಲ್ಲಿ ಒಬ್ಬರಾದ, ಎಪ್ಪತ್ತು ದಾಟಿದ ನಿವೃತ್ತ ಬಡಗಿ ಹಿರಿಯರು ನನ್ನ ದೋಣಿಯೊಳಗೆ ಕಾಲಿಟ್ಟ ಕೂಡಲೇ ನೇರವಾಗಿ ಹೋಗಿ ಕೈಯಿಟ್ಟದ್ದು ಕೂವೆಮರದ, ಎಂದರೆ ಹಾಯಿ ಹೊರುವ ಕಂಬದ, ಕೆಳಗಿನ ತೊಲೆಯ ಮೇಲೆ. ಅಪರೂಪದ, ಚೆಲುವಾದ, ಐವತ್ತೇ ಸಂಖ್ಯೆಯಲ್ಲಿ ತಯಾರಾದ ದೋಣಿಯನ್ನು ಕೊಂಡವರಿಗೆ ಈ ಅನುಕೂಲ ಸಿಗುವುದಿಲ್ಲ.

ಇಷ್ಟು ಚಿಕ್ಕ ದೋಣಿ ಸಾಗರಕ್ಕೆ ಹೋಗಬಹುದೇ ಎಂಬ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ಅಮೆರಿಕದ ಮ್ಯಾಟ್ ರದರ್‌ಫರ್ಡ್ 2011ರ ಜೂನ್ 13ರಂದು ಅನ್ನಾಪೊಲಿಸ್‌ನಿಂದ ಇದೇ ಮಾದರಿಯ ದೋಣಿಯಲ್ಲಿ ಒಂಟಿಯಾಗಿ ಹೊರಟು, ಕೆನಡಾದ ಉತ್ತರದ ಹಿಮದ ಹಾದಿಯನ್ನು ದಾಟಿ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ, ಎಲ್ಲಿಯೂ ದಡ ಹತ್ತದೆ 309 ದಿನಗಳಲ್ಲಿ ಎರಡೂ ಅಮೆರಿಕ ಖಂಡಗಳ ಪ್ರದಕ್ಷಿಣೆ ಮುಗಿಸಿದರು. ಅವರ ದೋಣಿ ಕೂಡ ಹಳೆಯದೇ, ದಾನವಾಗಿ ಬಂದದ್ದು. ದಾರಿಯುದ್ದಕ್ಕೂ ಒಂದಲ್ಲ ಒಂದು ಸಾಧನ ಕೈಕೊಡುತ್ತಲೇ ಇತ್ತು. ಅವರ ಯಾನದಿಂದ ನಾನು ತಿಳಿದುಕೊಂಡದ್ದು ಇಷ್ಟೇ: ವೇಗಾದ ಒಡಲಿಗೆ ಆ ಶಕ್ತಿಯಿದೆ, ಉಳಿದದ್ದು ನಾವು ಏನನ್ನು ಬದಲಿಸುತ್ತೇವೆ, ಏನನ್ನು ಬದಲಿಸದೆ ಬಿಡುತ್ತೇವೆ ಎಂಬುದಕ್ಕೆ ಸೇರಿದ್ದು.

ಒಡಲಿನ ಬಗ್ಗೆ ನನ್ನ ಅನುಭವವೂ ಒಳ್ಳೆಯದೇ. ಅದು ಗಟ್ಟಿ ಫೈಬರ್‌ಗ್ಲಾಸ್. ಕೀಲ್ ಕೂಡ ಅದೇ ಅಚ್ಚಿನ ಮುಂದುವರಿಕೆಯಾಗಿದ್ದು ಕಬ್ಬಿಣದ ಭಾರ ಅದರೊಳಗೇ ಮುಚ್ಚಿಹೋಗಿರುವುದರಿಂದ, ಕೀಲ್ ಹಿಡಿದಿಡುವ ಬೋಲ್ಟುಗಳು ತುಕ್ಕು ಹಿಡಿದಾವೆಂಬ ಚಿಂತೆ ಇಲ್ಲ. ತಳದ ಕೆಲಸದಲ್ಲಿ ನನಗೆ ಬೇಸರ ತಂದದ್ದು ಬಣ್ಣ ಮಾತ್ರ. ದೋಣಿಯ ತಳಕ್ಕೆ ಬಾರ್ನಕಲ್ ಎಂಬ ಚಿಪ್ಪುಜೀವಿ ಅಂಟದಂತೆ ಹಿಂದೆ ಬಳಿಯುತ್ತಿದ್ದ ತವರದ ಸಂಯುಕ್ತವುಳ್ಳ ವಿಷಬಣ್ಣವನ್ನು 25 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಇಲ್ಲಿ 1989ರಲ್ಲೇ ನಿಷೇಧಿಸಿದರೂ, ಮೇಲೆ ಮೇಲೆ ಹೊಸ ಬಣ್ಣ ಬಳಿದ ಹಳೆಯ ದೋಣಿಗಳ ಅಡಿಪದರದಲ್ಲಿ ಅದು ಇಂದಿಗೂ ಕುಳಿತಿದೆ. ನನ್ನದರಲ್ಲೂ ಇತ್ತು. ಪುಡಿ ಗಾಳಿಗೆ ಹಾರಬಾರದು, ನೆಲಕ್ಕೆ ಬೀಳಬಾರದು. ಹಾಗಾಗಿ ಮುಖಕ್ಕೆ ಮುಸುಕು ಹಾಕಿ, ಕೆಳಗೆ ಟಾರ್ಪಾಲು ಹಾಸಿ, ನೀರು ಸಿಂಪಡಿಸಿಕೊಂಡು ಕೈಯಿಂದಲೇ ಕೆರೆದು, ಕೆರೆದದ್ದನ್ನೆಲ್ಲ ಚೀಲಕ್ಕೆ ತುಂಬಿ ಅಪಾಯಕಾರಿ ಕಸದ ಕೇಂದ್ರಕ್ಕೆ ಒಪ್ಪಿಸಿದೆ. ಏಪ್ರಿಲ್ ತಿಂಗಳ ಹನ್ನೊಂದು ಸಂಜೆಗಳು ಅದಕ್ಕೇ ಹೋದವು.

ಇನ್ನು ಆ ತೊಲೆಯ ವಿಷಯ. ವೇಗಾ ಕೊಳ್ಳುವವರು ಬೇರೆಲ್ಲವನ್ನೂ ಮರೆತರೂ ಇದೊಂದನ್ನು ಮರೆಯಬಾರದು. ವೇಗಾದ ಕೂವೆಮರ ಕೀಲ್‌ವರೆಗೆ ಇಳಿಯುವುದಿಲ್ಲ. ದೋಣಿಯ ಮೇಲ್ಹಾಸಾದ ಡೆಕ್‌ನ ಮೇಲೆಯೇ ನಿಂತಿದೆ. ಹಾಯಿಗೆ ಗಾಳಿ ತುಂಬಿದಾಗ ಪಕ್ಕದ ಉಕ್ಕಿನ ತಂತಿಗಳು ಕಂಬವನ್ನು ಕೆಳಕ್ಕೆ ಒತ್ತುತ್ತವೆ, ಆ ಒತ್ತಡವನ್ನೆಲ್ಲ ಡೆಕ್‌ನ ಅಡಿಯಲ್ಲಿ ಅಡ್ಡಲಾಗಿರುವ ತೊಲೆಯೊಂದು ಹೊತ್ತು ಎರಡು ಬದಿಯ ಗೋಡೆಹಲಗೆಗಳಿಗೆ ದಾಟಿಸಬೇಕು. ಐವತ್ತು ವರ್ಷಗಳಲ್ಲಿ ಆ ತೊಲೆ ನಿಧಾನವಾಗಿ ಬಗ್ಗುತ್ತದೆ. ತಂತಿಗಳನ್ನು ಎಷ್ಟು ಬಿಗಿದರೂ ಮತ್ತೆ ಸಡಿಲವಾಗುವುದು, ಮುಂದಿನ ಕೋಣೆಯ ಬಾಗಿಲು ಚೌಕಟ್ಟಿಗೆ ಉಜ್ಜುವುದು ಇದರ ಗುರುತು. ಮಾರಿದವರು ಬಾಗಿಲಿನ ಅಂಚನ್ನು ನೀಟಾಗಿ ಹೆರೆದಿದ್ದರು, ಆದ್ದರಿಂದ ಅದು ಸಲೀಸಾಗಿ ಮುಚ್ಚುತ್ತಿತ್ತು. ಕೊಳ್ಳುವ ಮೊದಲು ನಾನು ಹಣ ಕೊಟ್ಟು ಕರೆಸಿದ ಪರೀಕ್ಷಕರು ಒಡಲನ್ನೆಲ್ಲ ಸುತ್ತಿಗೆಯಿಂದ ತಟ್ಟಿ, ತೇವಮಾಪಕ ಹಿಡಿದು, ಹದಿನಾಲ್ಕು ಪುಟದ ವರದಿ ಕೊಟ್ಟರು. ಅದರಲ್ಲಿ ತೊಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಆ ಹಿರಿಯ ಬಡಗಿ. ಒಂದು ಮೀಟರ್ ಉದ್ದದ ಉಕ್ಕಿನ ಅಳತೆಪಟ್ಟಿಯನ್ನು ಕಂಬದ ಬುಡದ ಪಕ್ಕದಲ್ಲಿ ಡೆಕ್‌ನ ಮೇಲೆ ಅಡ್ಡಲಾಗಿ ಇಟ್ಟು, ಅದರ ಕೆಳಗೆ ಒಂದರ ಮೇಲೊಂದು ನಾಣ್ಯಗಳನ್ನು ತೂರಿಸುತ್ತಾ ಹೋದರು. ಒಂಬತ್ತು ಮಿಲಿಮೀಟರ್ ತಗ್ಗಿತ್ತು.

ಇಲ್ಲಿ ಚಳಿಗಾಲದಲ್ಲಿ ಕಂಬ ಇಳಿಸಿ ದೋಣಿಯನ್ನು ದಡದ ಮೇಲೆ ಇಡುವುದು ವಾಡಿಕೆಯಾದ್ದರಿಂದ ತೊಲೆಯ ಮೇಲೆ ಭಾರವಿರಲಿಲ್ಲ. ನೆಲದಿಂದ ತೊಲೆಗೆ ಒಂದು ದಿಮ್ಮಿ ನಿಲ್ಲಿಸಿ, ಅದರ ಕೆಳಗೆ ಕಾರಿನ ಜಾಕ್ ಇಟ್ಟು, ದಿನಕ್ಕೆ ಒಂದು ಮಿಲಿಮೀಟರ್‌ನಂತೆ ಎತ್ತಿದೆವು. ಅವಸರ ಮಾಡಿದರೆ ಫೈಬರ್‌ಗ್ಲಾಸ್ ಬಿರುಕು ಬಿಡುತ್ತದೆ ಎಂದು ಆ ಬಡಗಿ ದಿನಕ್ಕೆ ಜಾಕ್‌ನ ಎರಡನೆಯ ತಿರುವಿಗೆ ಅವಕಾಶವನ್ನೇ ಕೊಡಲಿಲ್ಲ. ಡೆಕ್ ಸಮತಟ್ಟಾದ ಮೇಲೆ, ತೆಳ್ಳಗಿನ ಓಕ್ ಪಟ್ಟಿಗಳನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಒಂದಕ್ಕೊಂದು ಅಂಟಿಸಿದ ಹೊಸ ತೊಲೆಯನ್ನು ಹಳೆಯದರ ಬೆನ್ನಿಗೆ ಕೂಡಿಸಿ, ಎರಡು ಬದಿಯಲ್ಲೂ ಅದನ್ನು ಹೊರುವ ಓಕ್ ಕಂಬಗಳನ್ನು ಕೀಲ್‌ನ ಮೇಲ್ಭಾಗದವರೆಗೆ ಇಳಿಸಿದೆ. ಎಪಾಕ್ಸಿ ಸಾಮಾನ್ಯವಾಗಿ ಹತ್ತು ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಸರಿಯಾಗಿ ಗಟ್ಟಿಯಾಗುವುದಿಲ್ಲ. ಇಲ್ಲಿ ಮೇ ತಿಂಗಳವರೆಗೆ ರಾತ್ರಿ ಆ ಶಾಖ ಇರುವುದಿಲ್ಲ. ಟಾರ್ಪಾಲಿನ ಕೆಳಗೆ ವಿದ್ಯುತ್ ಹೀಟರ್ ಇಟ್ಟು ಎರಡು ರಾತ್ರಿ ಅಲ್ಲಿಯೇ ಮಲಗಿದೆ. ಮರ, ಎಪಾಕ್ಸಿ, ಸ್ಕ್ರೂ ಎಲ್ಲ ಸೇರಿ ಆದ ಖರ್ಚು 5,000 ಕ್ರೋನಾ. ಇಡೀ ದುರಸ್ತಿಯಲ್ಲಿ ಅತಿ ಕಡಿಮೆ ಹಣ ಹಿಡಿದ ಕೆಲಸಗಳಲ್ಲಿ ಇದೂ ಒಂದು, ಅತಿ ಹೆಚ್ಚು ಬೆಲೆಯುಳ್ಳದ್ದೂ ಇದೇ.

ನಾನು ಹೊನ್ನಾವರದ ಕಡೆಯವನು. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ದಡಕ್ಕೆ ಎಳೆದು, ಮಡಲು ಹೆಣೆದು ಹೊದಿಸಿ, ಹಲಗೆಗಳಿಗೆ ಮೀನೆಣ್ಣೆ ಹಚ್ಚುವುದನ್ನು ಶರಾವತಿಯ ದಡದಲ್ಲಿ ನೋಡಿ ಬೆಳೆದವನು. ಇಲ್ಲಿ ಮಡಲಿನ ಬದಲು ಟಾರ್ಪಾಲು, ಮಳೆಯ ಬದಲು ಹಿಮ. ದೋಣಿ ನೀರಿನಲ್ಲಿರುವ ತಿಂಗಳುಗಳಿಗಿಂತ ದಡದ ಮೇಲಿರುವ ತಿಂಗಳುಗಳೇ ಅದರ ಆಯಸ್ಸನ್ನು ತೀರ್ಮಾನಿಸುತ್ತವೆ ಎಂದು ನಮ್ಮೂರಿನ ಹಿರಿಯರು ಹೇಳುತ್ತಿದ್ದದ್ದು ಫೈಬರ್‌ಗ್ಲಾಸಿಗೂ ಸರಿಹೊಂದುತ್ತದೆ.

ತೊಲೆಯಾದ ಮೇಲೆ ನಾನು ಕೈಹಾಕಿದ್ದು ಒಡಲಿನಲ್ಲಿರುವ ತೂತುಗಳಿಗೆ. ಎಂಜಿನ್ ತಂಪಾಗಿಸುವ ನೀರು, ಶೌಚಾಲಯ, ಅಡುಗೆಯ ಸಿಂಕು, ಚುಕ್ಕಾಣಿ ಹಿಡಿಯುವವರು ಕೂರುವ ಕಾಕ್‌ಪಿಟ್‌ನಲ್ಲಿ ತುಂಬಿದ ನೀರು, ಹೀಗೆ ನೀರು ಒಳಬರುವ ಮತ್ತು ಹೊರಹೋಗುವ ಪ್ರತಿಯೊಂದು ದಾರಿಗೂ ಒಂದು ಕವಾಟವಿರುತ್ತದೆ. ಅಂಥ ಒಂದು ಕವಾಟ ಮುರಿದರೆ ದೋಣಿ ಮುಳುಗುತ್ತದೆ. ಹಿಂದಿನ ಒಡೆಯರು ಹಾಕಿಸಿದ್ದ ಕವಾಟಗಳು ಹಿತ್ತಾಳೆಯವು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು; ಉಪ್ಪುನೀರು ವರ್ಷಗಟ್ಟಲೆ ತಾಗಿದಾಗ ಸತು ಕರಗಿ ಹೊರಟುಹೋಗಿ, ಹೊರಗಿನ ರೂಪ ಹಾಗೇ ಉಳಿದು, ಒಳಗೆ ಪುಡಿಪುಡಿಯಾದ ತಾಮ್ರವಷ್ಟೇ ಉಳಿಯುತ್ತದೆ. ಸಿಂಕಿನ ಕವಾಟದ ಕೊಳವೆಯನ್ನು ಸ್ಪ್ಯಾನರ್‌ನಿಂದ ಬಿಚ್ಚಲು ಹೋದಾಗ ಅದು ತಿರುಗಲಿಲ್ಲ. ಬಿಸ್ಕತ್ತಿನಂತೆ ಕೈಯಲ್ಲಿ ಮುರಿದು ಬಂತು. ಮುರಿದ ಮುಖ ಹಳದಿಯಾಗಿರಲಿಲ್ಲ, ಒಣಗಿದ ದಾಸವಾಳದ ಎಸಳಿನಂಥ ನಸುಗೆಂಪು. ಅದೇ ಕೊಳವೆಯ ಮೇಲೆ ಹಿಂದಿನ ಬೇಸಿಗೆಯಿಡೀ ನಾನು ಸಮುದ್ರದಲ್ಲಿ ನಿದ್ದೆ ಮಾಡಿದ್ದೆ. ಆ ತುಂಡನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಯುರೋಪಿನ ಮಾನದಂಡ ಈ ಕವಾಟಗಳಿಂದ ಬಹುಕಾಲ ಬೇಡುತ್ತಿದ್ದದ್ದು ಐದು ವರ್ಷಗಳ ಬಾಳಿಕೆಯನ್ನು ಮಾತ್ರ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ನಾನು ಎಲ್ಲವನ್ನೂ ತೆಗೆದು ನ್ಯೂಜಿಲೆಂಡಿನ ಟ್ರೂಡಿಸೈನ್ ಕಂಪನಿಯ, ಗಾಜಿನ ನಾರು ಸೇರಿಸಿದ ನೈಲಾನ್ ಕವಾಟಗಳನ್ನು ಹಾಕಿದೆ. ಲೋಹವೇ ಇಲ್ಲದ್ದರಿಂದ ಉಪ್ಪುನೀರಾಗಲಿ ಬ್ಯಾಟರಿಯ ಸೋರಿಕೆ ವಿದ್ಯುತ್ತಾಗಲಿ ಅವನ್ನು ತಿನ್ನುವುದಿಲ್ಲ. ಎರಡು ವರ್ಷಗಳಲ್ಲಿ ಹಿಡಿಕೆ ಬಿಗಿಯಾಗಿಲ್ಲ, ಹನಿ ಸೋರಿಲ್ಲ. ಶೌಚಾಲಯಕ್ಕೆ ಇದ್ದ ಎರಡು ತೂತುಗಳನ್ನು ಫೈಬರ್‌ಗ್ಲಾಸಿನಿಂದ ಶಾಶ್ವತವಾಗಿ ಮುಚ್ಚಿ, ಒಣ ಶೌಚಾಲಯವೊಂದನ್ನು ಇಟ್ಟುಕೊಂಡೆ. ಒಟ್ಟು 6,500 ಕ್ರೋನಾ.

ಉಕ್ಕಿನ ತಂತಿಗಳ ಕೆಲಸದಲ್ಲಿ ನನಗೆ ಒಂದು ಕಹಿ ಅನುಭವವಾಯಿತು. ಕಂಬವನ್ನು ಹಿಡಿದಿಡುವ ಸ್ಟೇನ್‌ಲೆಸ್ ತಂತಿಗಳು ಹೊರಗೆ ಹೊಳೆಯುತ್ತಿದ್ದರೂ, ಗಾಳಿಯಾಡದೆ ತೇವ ನಿಲ್ಲುವ ಜಾಗಗಳಲ್ಲಿ, ಎಂದರೆ ತುದಿಯ ಹಿಡಿಕೆಗಳೊಳಗೆ ಮತ್ತು ಡೆಕ್ ದಾಟುವ ಬೋಲ್ಟುಗಳಲ್ಲಿ, ಆಮ್ಲಜನಕ ಸಿಗದೆ ಒಳಗಿಂದೊಳಗೇ ತುಕ್ಕು ಹಿಡಿಯುತ್ತವೆ. ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಎಲ್ಲವನ್ನೂ ಬದಲಿಸಬೇಕೆಂಬುದು ಈ ಕಸುಬಿನವರ ಸಾಮಾನ್ಯ ಲೆಕ್ಕ. ನನ್ನ ದೋಣಿಯವು ಯಾವ ಕಾಲದವೆಂದು ಮಾರಿದವರಿಗೇ ಗೊತ್ತಿರಲಿಲ್ಲ. 6 ಮಿಲಿಮೀಟರ್ ದಪ್ಪದ, ಹತ್ತೊಂಬತ್ತು ಎಳೆಯ ಹೊಸ ತಂತಿಗಳನ್ನು ಒಂದು ಕಾರ್ಯಾಗಾರದಿಂದ ಮಾಡಿಸಿದೆ. ಬಂದ ಹತ್ತು ತುದಿಗಳಲ್ಲಿ ಎರಡು ನೇರವಾಗಿರಲಿಲ್ಲ, ಬಾಳೆಕಾಯಿಯಂತೆ ಸಣ್ಣಗೆ ಬಾಗಿದ್ದವು. ಯಂತ್ರದಲ್ಲಿ ಒತ್ತುವಾಗ ತಂತಿ ಓರೆಯಾಗಿ ಹೊಕ್ಕರೆ ಹೀಗಾಗುತ್ತದೆ, ಎಳೆತವೆಲ್ಲ ಒಂದು ಬದಿಯ ಎಳೆಗಳ ಮೇಲೆ ಬಿದ್ದು ಅವು ಒಂದೊಂದಾಗಿ ಹರಿಯುತ್ತವೆ. ಫೋಟೋ ಕಳುಹಿಸಿದಾಗ ಅದು ಮಾಮೂಲು ಎಂಬ ಉತ್ತರ ಬಂತು. ನಾನೇ ತಂತಿಗಳನ್ನು ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಅಳತೆಪಟ್ಟಿಯ ಪಕ್ಕದಲ್ಲಿಟ್ಟ ಮೇಲೆ ಒಪ್ಪಿಕೊಂಡು ಬೇರೆ ಮಾಡಿಕೊಟ್ಟರು. ಹಣ ಹೆಚ್ಚಿಗೆ ಕೇಳಲಿಲ್ಲ, ಆದರೆ ಮೂರು ವಾರ ಕಳೆಯಿತು. ಇಲ್ಲಿನ ಬೇಸಿಗೆಯಲ್ಲಿ ಮೂರು ವಾರವೆಂದರೆ ಚಿಕ್ಕದಲ್ಲ. ಯಾರ ಬಳಿ ಮಾಡಿಸಿದರೂ ಪ್ರತಿ ತುದಿಯನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ನೇರವಾಗಿಲ್ಲದ್ದನ್ನು ಒಪ್ಪಿಕೊಳ್ಳಬೇಡಿ. ತಂತಿ, ಬೋಲ್ಟು, ಬಿಗಿಯುವ ಸ್ಕ್ರೂ ಎಲ್ಲ ಸೇರಿ 19,000 ಕ್ರೋನಾ ಆಯಿತು.

ಹಾಯಿಗಳ ಬಗ್ಗೆ ಬೇಗ ಮುಗಿಸುತ್ತೇನೆ. ನನ್ನ ದೋಣಿಯಲ್ಲಿ ಕೆಳಗಿನ ಅಡ್ಡಮರವನ್ನು ತಿರುಗಿಸಿ ಹಾಯಿಯನ್ನು ಅದರ ಸುತ್ತ ಸುತ್ತುವ ಹಳೆಯ ಏರ್ಪಾಡಿತ್ತು. ಗಾಳಿ ಹೆಚ್ಚಿದಾಗ ಅದರಿಂದ ಹಾಯಿ ಚೀಲದಂತೆ ಉಬ್ಬುತ್ತಿತ್ತು. ಮೂರು ಹಂತಗಳಲ್ಲಿ ಕಿರಿದು ಮಾಡಬಹುದಾದ ಹೊಸ ದೊಡ್ಡ ಹಾಯಿಗೆ 24,000 ಕ್ರೋನಾ ಕೊಟ್ಟೆ. ಮೂರನೆಯ ಹಂತ ಬೇಕೇ ಎಂದು ಹೊಲಿಯುವವರು ಕೇಳಿದ್ದರು. ಬೇಕು, ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಎಂಜಿನ್ ಬದಲಿಸಬೇಕೆಂದು ಅನೇಕರು ಹೇಳಿದರು. ನಾನು ಬದಲಿಸಲಿಲ್ಲ. ವೋಲ್ವೊ ಪೆಂಟಾದ ಎಂಡಿ6ಎ, ಒಂದೇ ಸಿಲಿಂಡರಿನ ಹತ್ತು ಅಶ್ವಶಕ್ತಿಯ ಡೀಸೆಲ್; ಹೊಲದ ಪಂಪ್‌ಸೆಟ್ಟಿನಂತೆ ಡಬಡಬ ಸದ್ದು ಮಾಡುತ್ತದೆ. ಇದರಲ್ಲಿ ಗೇರ್ ಇಲ್ಲ. ಎಂಜಿನ್ನಿನ ದಂಡ ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ, ನೀರಿನೊಳಗಿನ ಪಂಖದ (ಪ್ರೊಪೆಲ್ಲರಿನ) ಎಲೆಗಳ ಕೋನವನ್ನು ಬದಲಿಸಿದರೆ ದೋಣಿ ಮುಂದಕ್ಕೆ ಅಥವಾ ಹಿಂದಕ್ಕೆ ಹೋಗುತ್ತದೆ. ಹಾಯಿಯ ಮೇಲೆ ಹೋಗುವಾಗ ಎಲೆಗಳನ್ನು ನೀರಿನ ಹರಿವಿಗೆ ನೇರವಾಗಿ ನಿಲ್ಲಿಸಿಬಿಡಬಹುದು, ಆಗ ಪಂಖ ದೋಣಿಯನ್ನು ಹಿಡಿದೆಳೆಯುವುದಿಲ್ಲ. ಚೆನ್ನಾಗಿ ಗ್ರೀಸ್ ಹಾಕಿಟ್ಟರೆ ಇದು ಜಾಣ ಏರ್ಪಾಡು. ಇಂಧನದ ಟ್ಯಾಂಕ್ ತೊಳೆದು, ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿ, ದಂಡ ಹೊರಬರುವ ಜಾಗದ ಸೀಲ್ ಹೊಸದು ಹಾಕಿ ಬಿಟ್ಟೆ. ಹೊಸ ಎಂಜಿನ್ನಿಗೆ ಬೇಕಾಗಿದ್ದ ಹಣದಲ್ಲಿ ನಾನು ಹಾಯಿ, ತಂತಿ, ರಕ್ಷಣಾ ತೆಪ್ಪ ಮೂರನ್ನೂ ಕೊಂಡಿದ್ದೇನೆ. ಬಂದರಿಗೆ ಹೊಕ್ಕಲು ಎಂಜಿನ್ ಬೇಕು. ಹಾಯಿದೋಣಿ ಸಮುದ್ರ ದಾಟುವುದು ಹಾಯಿಯಿಂದ.

ಗಾಳಿಯ ಬಲದಿಂದಲೇ ಚುಕ್ಕಾಣಿ ನಡೆಸುವ ವಿಂಡ್‌ವೇನ್ ಬಗ್ಗೆ ಮಾತ್ರ ನಾನು ಎಷ್ಟು ಹೇಳಿದರೂ ಕಡಿಮೆ. ಒಂಟಿಯಾಗಿ ಹೋಗುವವನು ಇಪ್ಪತ್ನಾಲ್ಕು ಗಂಟೆ ಚುಕ್ಕಾಣಿ ಹಿಡಿದು ಕೂರಲಾರ. ವಿದ್ಯುತ್ ಆಟೋಪೈಲಟ್ ಚಿಕ್ಕ ದೋಣಿಯ ಬ್ಯಾಟರಿಯನ್ನು ಹೀರುತ್ತದೆ, ಅಲೆ ದೊಡ್ಡದಾದಾಗ ಸೋಲುತ್ತದೆ. ಜರ್ಮನಿಯ ವಿಂಡ್‌ಪೈಲಟ್ ಕಂಪನಿಯ ಪೆಸಿಫಿಕ್ ಲೈಟ್ ಎಂಬ, ಚಿಕ್ಕ ದೋಣಿಗಳಿಗೆಂದೇ ಮಾಡಿದ ಸಾಧನವನ್ನು ಬಳಸಿದ್ದೇ ಹುಡುಕಿ 22,000 ಕ್ರೋನಾಗೆ ಕೊಂಡೆ. ದೋಣಿಯ ಹಿಂಭಾಗದಲ್ಲಿ ಒಂದು ಹಗುರ ಹಲಗೆ ಗಾಳಿಗೆ ಎದುರಾಗಿ ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಬದಿಗೆ ತಾಗಿ ಅದನ್ನು ಮಲಗಿಸುತ್ತದೆ. ಮಲಗಿದ ಹಲಗೆ ನೀರಿನಲ್ಲಿರುವ ಒಂದು ಹುಟ್ಟನ್ನು ಸ್ವಲ್ಪ ತಿರುಗಿಸುತ್ತದೆ. ತಿರುಗಿದ ಹುಟ್ಟನ್ನು ನೀರಿನ ಓಟ ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳಿಕೆ ಹಗ್ಗಗಳ ಮೂಲಕ ಚುಕ್ಕಾಣಿಯ ಹಿಡಿಕೆಯನ್ನು ಎಳೆದು ದೋಣಿಯನ್ನು ದಾರಿಗೆ ತರುತ್ತದೆ. ವೇಗ ಹೆಚ್ಚಿದಷ್ಟೂ ಅದರ ಬಲ ಹೆಚ್ಚುತ್ತದೆ, ವಿದ್ಯುತ್ ಒಂದು ಕಣವೂ ಬೇಡ. ನಮ್ಮ ಭಾರತದ ನಾವಿಕ ಅಭಿಲಾಷ್ ಟಾಮಿ ಎರಡನೆಯ ಸ್ಥಾನ ಪಡೆದ 2022–23ರ, ಒಂಟಿಯಾಗಿ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎಲ್ಲರೂ ನೆಚ್ಚಿಕೊಂಡಿದ್ದದ್ದು ಇಂಥ ಸಾಧನಗಳನ್ನೇ, ಅಲ್ಲಿ ಆಧುನಿಕ ಎಲೆಕ್ಟ್ರಾನಿಕ್ ನೆರವಿಗೆ ಅವಕಾಶವಿರಲಿಲ್ಲ. ಆ ಸ್ಪರ್ಧೆಗೆ ಒಪ್ಪುವ ದೋಣಿಗಳೂ 1988ಕ್ಕಿಂತ ಹಿಂದೆ ವಿನ್ಯಾಸಗೊಂಡ, ಉದ್ದ ಕೀಲಿನ ದೋಣಿಗಳೇ. ವೇಗಾದ ಕೀಲ್ ಕೂಡ ಉದ್ದವಾಗಿದ್ದು ದಾರಿ ಹಿಡಿದು ಹೋಗುವ ಸ್ವಭಾವದ್ದಾದ್ದರಿಂದ ವಿಂಡ್‌ವೇನ್‌ಗೆ ಅದರೊಂದಿಗೆ ಜಗ್ಗಾಡುವ ಕೆಲಸ ಬರಲಿಲ್ಲ.

ವಿದ್ಯುತ್ ಏರ್ಪಾಡನ್ನು ಸರಳವಾಗಿಟ್ಟೆ: 100 ವ್ಯಾಟ್‌ನ ಒಂದು ಸೌರಫಲಕ, ಒಂದು ಲಿಥಿಯಂ ಬ್ಯಾಟರಿ, ಎಲ್‌ಇಡಿ ದೀಪಗಳು, ಹತ್ತಿರದ ಹಡಗುಗಳೊಡನೆ ಮಾತಾಡುವ ವಿಎಚ್‌ಎಫ್ ರೇಡಿಯೊ ಮತ್ತು ಸುತ್ತಲಿನ ಹಡಗುಗಳಿಗೆ ನನ್ನ ಇರವನ್ನು ತಿಳಿಸುವ ಎಐಎಸ್. ಇವಕ್ಕೆ 21,000, ನಾಲ್ಕು ಜನರ ರಕ್ಷಣಾ ತೆಪ್ಪಕ್ಕೆ 14,000, ದೊಡ್ಡ ಕಿಟಕಿಗಳ ರಬ್ಬರ್ ಬದಲಿಸಿ, ಬಿರುಗಾಳಿಗೆ ಹೊರಗಿನಿಂದ ಹಾಕುವ ಪಾಲಿಕಾರ್ಬೊನೇಟ್ ಹಲಗೆಗಳನ್ನು ಕತ್ತರಿಸಲು 4,000, ಬಣ್ಣ, ಹಗ್ಗ, ಕೊಳವೆ, ಸ್ಕ್ರೂಗಳ ಚಿಲ್ಲರೆ ಖರ್ಚು 12,500. ದೋಣಿಯ ಬೆಲೆ ಬಿಟ್ಟು ಒಟ್ಟು 1,28,000 ಕ್ರೋನಾ. ನನ್ನ ದುಡಿಮೆಯ ಗಂಟೆಗಳನ್ನು ಲೆಕ್ಕ ಹಾಕಿಲ್ಲ. ಹಾಕಿದರೆ ಯಾವ ಹಳೆಯ ದೋಣಿಯೂ ಅಗ್ಗವಲ್ಲ, ಆದ್ದರಿಂದ ಈ ಕೆಲಸವನ್ನೇ ಪ್ರೀತಿಸದವರು ಸಿದ್ಧವಾಗಿರುವ ದೋಣಿಯನ್ನು ಕೊಳ್ಳುವುದು ಒಳ್ಳೆಯದು.

ವೇಗಾದ ನಿಜವಾದ ಕೊರತೆ ತೊಲೆಯಲ್ಲ, ಭಾರ. 2.3 ಟನ್ನಿನ ದೋಣಿಗೆ ಒಂದು ತಿಂಗಳ ನೀರು, ಆಹಾರ, ಡೀಸೆಲ್, ಉಪಕರಣ, ತೆಪ್ಪ ಎಲ್ಲ ತುಂಬಿದಾಗ ಅದು ಕಣ್ಣಿಗೆ ಕಾಣುವಷ್ಟು ಕೆಳಗೆ ಕೂರುತ್ತದೆ. ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಲಂಗರಿಗೆ 8 ಮಿಲಿಮೀಟರ್‌ನ ಸರಪಳಿ 40 ಮೀಟರ್ ಕೊಂಡು ಮುಂಭಾಗದ ಗೂಡಿಗೆ ತುಂಬಿದೆ. ಮೀಟರಿಗೆ 1.4 ಕಿಲೋದಂತೆ 56 ಕಿಲೋ ಭಾರ ದೋಣಿಯ ಮೂಗಿನ ಮೇಲೆ ಕೂತಿತು. ನಾರ್ವೆಯ ದಕ್ಷಿಣ ಕರಾವಳಿಯಲ್ಲಿ ಎದುರು ಅಲೆಗೆ ದೋಣಿ ಮೂಗು ಎತ್ತುವ ಬದಲು ಅಲೆಯೊಳಗೇ ತೂರುತ್ತಿತ್ತು, ಪ್ರತಿ ಸಲವೂ ನೀರು ಕಿಟಕಿಯವರೆಗೆ ಹರಿದು ಬರುತ್ತಿತ್ತು. ಬರ್ಗೆನ್ ತಲುಪಿದ ಮೇಲೆ ಸರಪಳಿಯ ಅರ್ಧವನ್ನು ಕತ್ತರಿಸಿ ಮಾರಿ, ಉಳಿದ 20 ಮೀಟರಿಗೆ ಹಗ್ಗ ಜೋಡಿಸಿದೆ. ಅದೇ ದೋಣಿ ಮರುದಿನ ಬೇರೆ ದೋಣಿಯಂತೆ ನಡೆಯಿತು. ಈ ಅಳತೆಯ ದೋಣಿಯಲ್ಲಿ ಯಾವುದನ್ನು ಇಡಬೇಕು ಎನ್ನುವಷ್ಟೇ ಎಲ್ಲಿ ಇಡಬೇಕು ಎಂಬುದೂ ಮುಖ್ಯ: ನೀರಿನ ಡಬ್ಬಿಗಳು ಕೆಳಗೆ, ಮಧ್ಯದಲ್ಲಿ, ಎರಡು ತುದಿಗಳು ಆದಷ್ಟು ಖಾಲಿ.

ಇನ್ನೊಂದು ಸ್ವಭಾವವನ್ನೂ ತಿಳಿದಿರಬೇಕು. ದೋಣಿ ಅಗಲ ಕಡಿಮೆಯಾದ್ದರಿಂದ ಗಾಳಿಗೆ ಬೇಗ ವಾಲುತ್ತದೆ. ಇಪ್ಪತ್ತು ಡಿಗ್ರಿಯಷ್ಟು ವಾಲಿದ ಮೇಲೆ ಕೀಲ್‌ನ ಕಬ್ಬಿಣ ಹಿಡಿದುಕೊಂಡು ಗಟ್ಟಿಯಾಗಿ ನಿಲ್ಲುತ್ತದೆ, ಮೊದಲ ಸಲ ಹತ್ತಿದವರಿಗೆ ಅದು ಭಯ ಹುಟ್ಟಿಸಬಹುದು. ಹಾಯಿಯನ್ನು ಬೇಗ ಕಿರಿದು ಮಾಡುವ ಅಭ್ಯಾಸ ಇದಕ್ಕೆ ಬೇಕು. ಅಲೆ ಎದುರಿದ್ದರೆ ಕಾಕ್‌ಪಿಟ್‌ನಲ್ಲಿರುವವರು ಒದ್ದೆಯಾಗುತ್ತಾರೆ. ಒಳಗೆ ಐದೂವರೆ ಅಡಿ ಎತ್ತರದ ನಾನು ನೆಟ್ಟಗೆ ನಿಲ್ಲಬಲ್ಲೆ, ಆರಡಿಯವರಿಗೆ ಆಗದು. ನಾಲ್ಕು ಹಾಸಿಗೆಗಳಿದ್ದರೂ ದೂರಪ್ರಯಾಣಕ್ಕೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ಸಮುದ್ರದಲ್ಲಿ ಮಲಗಲು ತಕ್ಕ ಎರಡು ಜಾಗಗಳಿಗೆ ನಾನು ಉರುಳಿ ಬೀಳದಂತೆ ತಡೆಬಟ್ಟೆ ಹೊಲಿಸಿದೆ, ಉಳಿದೆರಡು ಚೀಲಗಳಿಗೆ. ಕುಟುಂಬದೊಂದಿಗೆ ಹೋಗುವವರು 32 ಅಡಿಯ ಕಾಂಟೆಸಾದಂಥ ದೋಣಿಯ ಕಡೆ ನೋಡಬಹುದು. 1979ರಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಹಾಯಿದೋಣಿ ಸ್ಪರ್ಧೆಗೆ ಬಡಿದ ಬಿರುಗಾಳಿಯಲ್ಲಿ ಅತಿ ಚಿಕ್ಕ ವರ್ಗದ ದೋಣಿಗಳಲ್ಲಿ ಸ್ಪರ್ಧೆ ಮುಗಿಸಿದ ಒಂದೇ ದೋಣಿ ಒಂದು ಕಾಂಟೆಸಾ 32. ಆದರೆ ದೋಣಿಯ ಉದ್ದ ಐದಡಿ ಹೆಚ್ಚಿದರೆ ತಂತಿ, ಹಾಯಿ, ಲಂಗರು, ಬಂದರಿನ ಬಾಡಿಗೆ ಪ್ರತಿಯೊಂದರ ಖರ್ಚೂ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ.

ಬರ್ಗೆನ್‌ನಿಂದ ಲರ್ವಿಕ್‌ಗೆ ಸುಮಾರು 200 ನಾಟಿಕಲ್ ಮೈಲಿ (370 ಕಿಲೋಮೀಟರ್). ನನಗೆ 43 ಗಂಟೆ ಹಿಡಿಯಿತು. ಹೊರಡುವ ಮೊದಲು, ಹೊಸ ತೊಲೆ ಮತ್ತು ಬದಿಯ ಓಕ್ ಕಂಬ ಸೇರುವ ಜಾಗದಲ್ಲಿ ಎರಡನ್ನೂ ದಾಟುವಂತೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೆ. ತೊಲೆ ಕೂದಲೆಳೆಯಷ್ಟು ಇಳಿದರೂ ಗೆರೆ ಮುರಿಯಬೇಕು. ಎರಡನೆಯ ರಾತ್ರಿ, ರಾತ್ರಿಯೆಂದರೂ ಆ ಅಕ್ಷಾಂಶದಲ್ಲಿ ಜೂನ್ ತಿಂಗಳು ಪೂರ್ತಿ ಕತ್ತಲಾಗುವುದಿಲ್ಲ, ನೈಋತ್ಯದಿಂದ ಗಾಳಿ ಏರುತ್ತಾ ಹೋಗಿ ಮೂವತ್ತು ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ದಾಟಿತು. ಹಾಯಿಯನ್ನು ಮೂರನೆಯ ಹಂತಕ್ಕೆ ಇಳಿಸಿದೆ. ಆಗ ದೋಣಿಯ ಜಗ್ಗಾಟ ನಿಂತು, ಐದು ನಾಟ್ ವೇಗದಲ್ಲಿ ಅಲೆಯ ಹೆಗಲೇರಿ ಇಳಿದು ಹೋಗತೊಡಗಿತು. ವಿಂಡ್‌ವೇನ್‌ನ ಹಗ್ಗಗಳು ರಾಟೆಯ ಮೇಲೆ ಕಿರ್ ಕಿರ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದವು, ಚುಕ್ಕಾಣಿಯ ಹಿಡಿಕೆ ಯಾರೋ ಕಾಣದವರು ಹಿಡಿದಂತೆ ತಾನೇ ಅತ್ತಿತ್ತ ಆಡುತ್ತಿತ್ತು. ನಾನು ಕೆಳಗೆ ಹೋಗಿ, ಟಾರ್ಚ್ ಹಿಡಿದು, ಗೆರೆಯನ್ನು ನೋಡಿದೆ. ಗಂಟೆಗೊಮ್ಮೆ ನೋಡಿದೆ. ಲರ್ವಿಕ್‌ನಲ್ಲಿ ಹಗ್ಗ ಕಟ್ಟಿದ ಮೇಲೂ ಮೊದಲು ನೋಡಿದ್ದು ಅದನ್ನೇ. ಗೆರೆ ಎಳೆದಾಗ ಹೇಗಿತ್ತೋ ಹಾಗೇ ಇತ್ತು.

ಆ ಯಾನದಲ್ಲಿ ಬಯಲಾದ ದೋಷಗಳೂ ಇವೆ. ಎಡಗಡೆಯ ಹಿಂದಿನ ಕಿಟಕಿ ಇನ್ನೂ ಸೋರುತ್ತದೆ. ರಬ್ಬರ್ ಬದಲಿಸಿದ್ದು ಸಾಲದು, ಅಲ್ಯೂಮಿನಿಯಂ ಚೌಕಟ್ಟನ್ನೇ ಕಳಚಿ ಹೊಸದಾಗಿ ಕೂಡಿಸಬೇಕು. ಕಾಕ್‌ಪಿಟ್‌ನ ನೀರು ಬಸಿಯುವ ಎರಡು ಕೊಳವೆಗಳು ತೀರಾ ಚಿಕ್ಕವು. ಒಂದು ಅಲೆ ಹಿಂದಿನಿಂದ ಏರಿ ಬಂದಾಗ ನೀರು ಪೂರ್ತಿ ಇಳಿಯಲು ನಾಲ್ಕು ನಿಮಿಷ ಹಿಡಿಯಿತು, ಅಷ್ಟರಲ್ಲಿ ಎರಡನೆಯ ಅಲೆ ಬಂದಿದ್ದರೆ ದೋಣಿಯ ಹಿಂಭಾಗ ಅಪಾಯಕಾರಿಯಾಗಿ ಕುಸಿಯುತ್ತಿತ್ತು. ಬರುವ ಚಳಿಗಾಲದ ಮೊದಲ ಕೆಲಸ ಅವುಗಳ ವ್ಯಾಸ ಹೆಚ್ಚಿಸುವುದು.

ಸ್ವೀಡನ್, ಡೆನ್ಮಾರ್ಕ್, ಬ್ರಿಟನ್‌ನಲ್ಲಿ ಕೆಲಸದ ಮೇಲಿರುವ, ದೋಣಿಯ ಆಸೆಯಿರುವ ಕನ್ನಡಿಗರು ಯಾರಾದರೂ ಮಾರಾಟಕ್ಕಿರುವ ವೇಗಾ ನೋಡಲು ಹೋಗುವುದಾದರೆ ಒಂದು ಮೀಟರಿನ ಉಕ್ಕಿನ ಅಳತೆಪಟ್ಟಿ, ಒಂದು ಟಾರ್ಚ್, ಒಂದು ಸ್ಪ್ಯಾನರ್ ತೆಗೆದುಕೊಂಡು ಹೋಗಿ. ಕಂಬ ನಿಂತಿರುವಾಗಲೇ ನೋಡಿ, ದೋಣಿ ದಡದ ಮೇಲೆ ಕಂಬವಿಲ್ಲದೆ ಇದ್ದಾಗ ಬೇಡ. ಭಾರವಿಲ್ಲದ ಡೆಕ್ ಸ್ವಲ್ಪ ಮೇಲೆದ್ದು ತಗ್ಗನ್ನು ಮರೆಮಾಚುತ್ತದೆ. ಮುಂದಿನ ಕೋಣೆಯ ಬಾಗಿಲಿನ ಮೇಲಂಚಿನಲ್ಲಿ ಹೆರೆದ ಗುರುತಿದೆಯೇ ಎಂದು ಬೆರಳಾಡಿಸಿ. ಐದು ಮಿಲಿಮೀಟರ್‌ವರೆಗಿನ ತಗ್ಗಿಗೆ ಬೆಲೆ ಇಳಿಸಿ ಕೇಳಿ, ಹದಿನೈದು ದಾಟಿದ್ದರೆ ಬೇರೆ ವೇಗಾ ಹುಡುಕಿ. ಒಳ್ಳೆಯ ಒಡಲಿನ ದೋಣಿಗಳು ಇನ್ನೂ ಸಾಕಷ್ಟು ಸಿಗುತ್ತವೆ.